ಮೆಟ್ಟಿಲ ತಿರುವಿನ ಬೆಂಚು

ನಾಸಿಕದ ಹತ್ತಿರದ ಓಝರಿನಲ್ಲಿ ನಮ್ಮ ಕೆಳಗಿನ ಮನೆಯ ಕಾಕಾ ಬೀದರ್ ಕಡೆಯವರು, ವಿಮಾನ ಕಾರ್ಖಾನೆಯಿಂದ ನಿವೃತ್ತರಾದವರು. ನಾಸಿಕದಲ್ಲಿ ಕೆಡವಿದ ಹಳೆಯ ವಾಡೆ ಮನೆಯೊಂದರ ಸಾಗವಾನಿ ಹಲಗೆಗಳನ್ನು ತಂದು ಬಾಲ್ಕನಿಯಲ್ಲಿ ಒರಗಿಸಿದ್ದರು. ಸಂಜೆಯಾದರೆ ಅವುಗಳ ಮೇಲೆ ಕೈಯಾಡಿಸುತ್ತ, ವಾಸನೆ ನೋಡುತ್ತ ಕೂತಿರುತ್ತಿದ್ದರು.

"ಏನ್ ಮಾಡ್ತೀರಿ ಕಾಕಾ ಇದರಿಂದ?" ಎಂದು ಕೇಳಿದರೆ, "ಇನ್ನೂ ತಿಳಿವಲ್ದು ನೋಡ್ರಿ" ಎನ್ನುತ್ತಿದ್ದರು. ವರ್ಷ ಕಳೆದರೂ ಅದೇ ಮಾತು.

ನಮ್ಮ ಕಟ್ಟಡಕ್ಕೆ ಲಿಫ್ಟ್ ಇರಲಿಲ್ಲ. ಒಂದು ದಿನ ಮೆಟ್ಟಿಲು ಹತ್ತಿ ಬರುತ್ತಿದ್ದ ಅವ್ವ ಕಾಕಾ ಅವರ ಬಾಗಿಲೆದುರಿನ ತಿರುವಿನಲ್ಲಿ ಏದುಸಿರು ಬಿಡುತ್ತ ಗೋಡೆ ಹಿಡಿದು ನಿಂತಳು. "ಇನ್ನ ನಾ ಕೆಳಗ ಇಳಿಯೂದಿಲ್ಲಪ್ಪ" ಎಂದಳು. ಬಾಗಿಲಲ್ಲಿದ್ದ ಅವರು ಅದನ್ನು ಕೇಳಿಸಿಕೊಂಡು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಗರಗಸದ ಸದ್ದು ಶುರುವಾಯಿತು.

ನಾಲ್ಕನೆಯ ದಿನ ತಿರುವಿನಲ್ಲೊಂದು ಪುಟ್ಟ ಬೆಂಚು. ಅವರೇ ಬಂದು ಅವ್ವನನ್ನು ಕರೆದೊಯ್ದು, "ಕೂಡ್ರಿ ಅಕ್ಕಾ" ಎಂದರು. ಅವ್ವ ಕೂತಳು, ಕಿಟಕಿಯ ಎಳೆಬಿಸಿಲಿಗೆ ಹಾಗೇ ನಿದ್ದೆಹೋದಳು. ಅವತ್ತು ಮೇಲಿನ ಮನೆಗಳವರೆಲ್ಲ ಚಪ್ಪಲಿ ಕೈಯಲ್ಲಿ ಹಿಡಿದು ಮೆಟ್ಟಿಲು ಹತ್ತಿದೆವು.