ನೀಲಿ ಗದ್ದದ ಬೆಕ್ಕಿಗೆ ನೀರು

ಬೆಕ್ಕಿನ ಗದ್ದ ನೀಲಿಯಾಗಿತ್ತು.

ಸಂಸ್ಥಾನ ಹೋಗಿ ಮುಂಬೈ ಸರ್ಕಾರ ಬಂದ ಹೊಸದರ ಮಾತು. ನಾನು ಬನಹಟ್ಟಿಯ ನೇಕಾರರ ಮನೆಗೆ ಸೊಸೆಯಾಗಿ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಹಿತ್ತಲಿನಲ್ಲಿ ನೂಲಿಗೆ ಬಣ್ಣ ಹಾಕಿ ತೊಳೆಯುವ ಕಲ್ಲಿನ ದೋಣಿ ಇತ್ತು. ಬೆಕ್ಕು ಅದರ ಅಂಚಿನಿಂದ ಜಿಗಿದು ಬಂದು ಅಡುಗೆಮನೆಯ ಹೊಸ್ತಿಲಲ್ಲಿ ನಿಂತಿತು. ಬೆಳ್ಳನೆಯ ಗದ್ದದಿಂದ ನೀಲಿ ಹನಿ ತೊಟ್ಟಿಕ್ಕುತ್ತಿತ್ತು.

ರೊಟ್ಟಿ ಬಡಿಯುತ್ತಿದ್ದ ಅತ್ತೆಯ ಕೈ ಅಲ್ಲೇ ನಿಂತಿತು. "ಅಯ್ಯ ಶಿವನ! ವಿಷಾ ಕುಡದ ನೀಲಕಂಠ ಆಗಿ ಬಂತಲ್ಲ ಇದು!"

ನನಗೆ ನಗು ಬಂತು. ಆದರೆ ಬೆಕ್ಕು ಹೊಟ್ಟೆ ಹಿಂಡಿಕೊಂಡು ನೀಲಿ ನೀಲಿಯಾಗಿ ಕಾರಿಕೊಂಡಾಗ ನಗು ನಿಂತಿತು. ಬಣ್ಣಕ್ಕೆ ಬೆರೆಸುವ ಸುಡುವ ಕ್ಷಾರ ಎಂಥದೆಂದು ನನ್ನ ಅಂಗೈಯ ಬೊಬ್ಬೆಗಳಿಗೆ ಗೊತ್ತಿತ್ತು. ಅದು ಆ ಸಣ್ಣ ಹೊಟ್ಟೆಗೆ ಹೋದರೆ ಗತಿಯೇನು? ಮೂಲೆಯ ಬುಟ್ಟಿಯಲ್ಲಿ ಇನ್ನೂ ಕಣ್ಣು ತೆರೆಯದ ಮರಿಗಳು ಬೇರೆ ಇದ್ದವು. ಅವಕ್ಕೆ ಅದರ ಹಾಲೇ ಆಧಾರ. ಸಂಜೆಗೆ ಬೆಕ್ಕು ಚೇತರಿಸಿಕೊಂಡು ಬುಟ್ಟಿಗೆ ಹೋಗಿ ಮಲಗಿತು. ಶಿವ ಕಾಪಾಡಿದ ಎಂದು ಗಲ್ಲ ಬಡಿದುಕೊಂಡೆ. ಇಂಥ ಸಣ್ಣ ಸಣ್ಣ ದಯೆಗಳನ್ನು ನೆನೆದು ಕೈಮುಗಿಯುವುದನ್ನು ನನ್ನ ಅವ್ವ ಕಲಿಸಿ ಕಳಿಸಿದ್ದಳು.

ನಮ್ಮ ಮನೆಯವರು ಮಾತ್ರ ತೀರ್ಮಾನ ಹೇಳಿಯೇಬಿಟ್ಟರು. "ಯವ್ವಾ, ಮುಂದಿನ ಸಂತಿ ಗಾಡಿಗೆ ಇದನ್ನ ಮರಿ ಸಮೇತ ಹುನ್ನೂರಿಗೆ ಅಕ್ಕನ ಮನಿಗೆ ಕಳಸೂಣು. ಅಲ್ಲಿ ದನಕ್ಕ ಇಟ್ಟ ಛಲೋ ನೀರ ಐತಿ. ಇಲ್ಲಿದ್ರ ಇದು ಬಣ್ಣಾ ಕುಡದ ಸಾಯತೈತಿ."

"ಮತ್ತ ಇಲಿ ಬಂದು ಗಂಜಿ ಹಚ್ಚಿದ ನೂಲ ಕಡದ್ರ ನೀ ಹಿಡೀತೀಯೇನೋ?" ಎಂದರು ಅತ್ತೆ.

"ನೂಲ ಹೋದ್ರ ಹೋಗ್ಲಿ ಬೇ. ಜೀಂವಾ ಹೋಗಬಾರದು."

ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಅದಕ್ಕೇ ನನಗೆ ಇನ್ನಷ್ಟು ಸಂಕಟ. ತವರಿನಿಂದ ಬಂದ ಮೊದಲ ದಿನಗಳಲ್ಲಿ ಆ ಮನೆಯಲ್ಲಿ ನನ್ನ ಹತ್ತಿರ ತಾನಾಗಿ ಬಂದು ಕೂತದ್ದು ಆ ಬೆಕ್ಕು ಒಂದೇ. ಅದು ಶುದ್ಧ ನೀರು ಕುಡಿಯುವಂತಾದರೆ ಮನೆಯಲ್ಲಿ ಉಳಿಯುತ್ತದೆ, ಇಲ್ಲವಾದರೆ ಗಾಡಿ ಹತ್ತುತ್ತದೆ. ಎಷ್ಟು ಸರಳ!

ದೋಣಿಯ ಮೇಲೆ ಹಲಗೆ ಮುಚ್ಚಿ ಕಲ್ಲು ಹೇರಿದೆ. ನೀರಿಗೆ ನಾವೇನೂ ಕಡಿಮೆ ಮಾಡಿರಲಿಲ್ಲ. ನೂಲು ಒಣಗಿ ಹರಿಯಬಾರದೆಂದು, ನೇಯುವವರು ಕಾಲಿಳಿಸಿ ಕೂರುವ ಮಗ್ಗದ ಕುಣಿಯ ಸುತ್ತ ನೆಲಕ್ಕೆ ನೀರು ಚಿಮುಕಿಸಿ ತಂಪು ಮಾಡುತ್ತಿದ್ದೆವು. ಇಡೀ ಮನೆಯಲ್ಲಿ ಅಷ್ಟು ತಣ್ಣನೆಯ ಜಾಗ ಮತ್ತೊಂದಿಲ್ಲ. ಬೇಸಿಗೆಯಲ್ಲಿ ಬೆಕ್ಕಿಗೆ ತಣ್ಣಗಿನ ನೀರೇ ಸಿಗಲಿ ಎಂದು ಅದರ ತಂಬಿಗೆಯನ್ನೂ ಕುಣಿಯ ಪಕ್ಕಕ್ಕೇ ಇಟ್ಟಿದ್ದೆವು. ಅದು ಬರುತ್ತಿತ್ತು, ಮೂಗು ಚಾಚುತ್ತಿತ್ತು, ತಲೆ ಕೊಡವಿ ಹೋಗುತ್ತಿತ್ತು.

ತಂಬಿಗೆಯ ಬಾಯಿ ಸಣ್ಣದು, ಮೀಸೆ ಎರಡೂ ಕಡೆ ತಾಗುತ್ತದೆ ಎಂದು ಒಮ್ಮೆಗೇ ಹೊಳೆಯಿತು. ಒಡೆದ ಗಡಿಗೆಯ ಅಗಲವಾದ ಮಣ್ಣಿನ ಮುಚ್ಚಳವನ್ನು ತಿಕ್ಕಿ ತೊಳೆದು, ಅಂಚಿನವರೆಗೂ ನೀರು ತುಂಬಿ ಅದೇ ಜಾಗದಲ್ಲಿಟ್ಟೆ. ಬೆಕ್ಕು ಬಂತು. ಮೂಗು ಚಾಚಿತು. ಮತ್ತೆ ತಲೆ ಕೊಡವಿ ಹೋಯಿತು!

ನೆರೆಮನೆಯ ಕಾಕು ಬಂದು ಉಪಾಯ ಹೇಳಿದಳು. "ಕೂಸಿಗೆ ಕುಡಸಿದಂಗ ಒಳಲೆಯಿಂದ ಬಾಯಾಗ ಹೊಯ್ಯಿ. ಕುಡೀದ ಎಲ್ಲಿ ಹೋಗತೈತಿ?"

ಮಕ್ಕಳಿಗೆ ಹಾಲು ಕುಡಿಸುವ ಮೂತಿಯ ಬಟ್ಟಲು, ಒಳಲೆ ತಂದು, ಸೆರಗಿನಲ್ಲಿ ಬೆಕ್ಕನ್ನು ಸುತ್ತಿ, ಬಾಯಿಗೆ ನೀರು ಹೊಯ್ದೆ. ಅದು ಕಕ್ಕಾಬಿಕ್ಕಿಯಾಗಿ ಕೆಮ್ಮಿತು, ಮೂಗಿನಿಂದ ನೀರು ಬಂತು, ನನ್ನ ಮೊಣಕೈವರೆಗೆ ಗೀರಿ ಹಾರಿಹೋಯಿತು. ಅತ್ತೆ ಪಡಸಾಲೆಯಿಂದ ಓಡಿ ಬಂದರು.

"ಏ ಹುಡುಗಿ, ಬಣ್ಣದಾಗ ಬದಕಿದ್ದನ್ನ ನೀರಾಗ ಕೊಲ್ಲತೀಯೇನ? ನೀರ ಅಡ್ಡದಾರಿಗೆ ಹೋದ್ರ ಉಸರ ನಿಲ್ಲತೈತಿ. ಯಾರಿಗಾದ್ರೂ ಹಿಂಗ ಅಂಗಾತ ಕೆಡವಿ ನೀರ ಹೊಯ್ದ್ರ ಕುಡೀತಾರೇನ?" ಕಾಕುವಿನ ಕಡೆ ತಿರುಗಿ, "ನೀ ಮೊದಲ ನಿಮ್ಮ ಮನಿಯವರಿಗೆ ಒಳಲೆಯಿಂದ ಕುಡಸಿ ಬಾ ಹೋಗ!" ಎಂದರು. ಕಾಕು ಬಾಯಿಗೆ ಸೆರಗು ಹಿಡಿದು ನಗುತ್ತಾ ಹೋದಳು.

ಆಮೇಲೆ ರೊಟ್ಟಿಯನ್ನು ನೀರು ಬೆರೆಸಿದ ಹಾಲಿನಲ್ಲಿ ನೆನೆಸಿ ಇಟ್ಟೆ. ಅದನ್ನು ತಿಂದು ಜೀವ ಹಿಡಿಯಿತು. ಆದರೆ ಹೊಟ್ಟೆ ಬೆನ್ನಿಗೆ ಹತ್ತಿತ್ತು. ಮರಿಗಳು ಹಾಲು ಸಾಲದೆ ಕೀಚು ಕೀಚು ಎನ್ನುತ್ತಿದ್ದವು.

ಅಷ್ಟರಲ್ಲಿ ಅಮಾವಾಸ್ಯೆ ಬಂತು. ಅಮಾವಾಸ್ಯೆಗೆ ನಮ್ಮ ಓಣಿಯಲ್ಲಿ ಮಗ್ಗ ನಡೆಯುವುದಿಲ್ಲ. ಲಾಳಿಗೆ ಕುಂಕುಮ ಹಚ್ಚಿ, ಮಗ್ಗಕ್ಕೆ ಊದಿನಕಡ್ಡಿ ಬೆಳಗಿ, ಅದನ್ನು ಮುಟ್ಟದೆ ಬಿಡುತ್ತೇವೆ. ಮಧ್ಯಾಹ್ನ ನಾನು ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುವ ರಾಟಿಯನ್ನು ಒರೆಸುತ್ತಾ ಕೂತಿದ್ದೆ. ಹಿಂದಿನಿಂದ ಸದ್ದು ಬಂತು. ಲಪ್, ಲಪ್, ಲಪ್.

ತಿರುಗಿದರೆ ಬೆಕ್ಕು ಮುಚ್ಚಳದಿಂದ ನೀರು ಕುಡಿಯುತ್ತಿದೆ! ಅದೇ ಜಾಗ, ಅದೇ ಮುಚ್ಚಳ. ಅರ್ಧ ಖಾಲಿ ಮಾಡಿ ಬಾಯಿ ನೆಕ್ಕಿಕೊಂಡು ಹೋಯಿತು.

"ಅತ್ತೀ, ಕುಡೀತ್ರೀ! ತಾನಾಗೇ ಕುಡೀತು!" ಎಂದು ಕೂಗಿದೆ. ಅತ್ತೆ ದೇವರ ಜಗಲಿಯ ಕಡೆ ತಿರುಗಿ ಕೈಮುಗಿದರು.

ಮರುದಿನ ಮಗ್ಗ ಶುರುವಾಯಿತು. ಬೆಕ್ಕು ಬಂತು, ಮೂಗು ಚಾಚಿತು, ತಲೆ ಕೊಡವಿತು.

ನನಗೆ ಅಳು ಬರುವಂತಾಯಿತು. ಅದಕ್ಕೇನು ಕಾಣುತ್ತದೆಯೋ ನನಗೂ ಕಾಣಲಿ ಎಂದು ನೆಲಕ್ಕೆ ಕೆನ್ನೆ ಹಚ್ಚಿ ಮಲಗಿ ನೀರನ್ನು ನೋಡಿದೆ. ಮನೆಯವರು ಮಗ್ಗದ ಹಲಗೆಯನ್ನು ಜಗ್ಗಿ ಬಡಿದರು, ಧಡ್! ನೀರಿನ ಮೇಲೆ ಗುಂಡಗೆ ಒಂದು ಸಣ್ಣ ತೆರೆ ಎದ್ದು ಅಂಚಿಗೆ ಬಡಿಯಿತು. ಮತ್ತೆ ಧಡ್, ಮತ್ತೆ ತೆರೆ. ಬೆಕ್ಕು ಮೂಗು ಇಟ್ಟಾಗಲೆಲ್ಲ ನೀರು ಎದ್ದು ಮೂಗಿಗೇ ಹೊಡೆಯುತ್ತಿತ್ತು! ಹುಟ್ಟಿದಾಗಿನಿಂದ ಮಗ್ಗದ ಪಕ್ಕದಲ್ಲೇ ಮಲಗಿದ ಬೆಕ್ಕಿಗೆ ಸದ್ದಿನ ಭಯವಿರಲಿಲ್ಲ. ನೀರು ನಿಲ್ಲದ್ದೇ ತೊಂದರೆ. ಭಾರದ ಕಲ್ಲಿನ ದೋಣಿಯಲ್ಲಿ ಬಣ್ಣದ ನೀರು ಅಲುಗದೆ ನಿಲ್ಲುತ್ತಿತ್ತು, ಅದಕ್ಕೇ ಅಲ್ಲಿ ಕುಡಿದಿತ್ತು. ನಾವೋ, ಹಗಲೂ ರಾತ್ರಿ ಆ ಬಡಿತದಲ್ಲೇ ಉಂಡು ಮಲಗುವವರು. ನೆಲ ನಡುಗುತ್ತದೆಂಬುದೇ ನಮಗೆ ಮರೆತುಹೋಗಿತ್ತು.

"ರೀ, ಹೊಡೀತಾ ಇರ್ರಿ, ನಿಲ್ಲಸಬ್ಯಾಡ್ರಿ!" ಎಂದು ಮುಚ್ಚಳ ಎತ್ತಿಕೊಂಡು ಹೊರಟೆ.

"ಏನಾಗೇತಿ ನಿನಗ?" ಎಂದು ಕುಣಿಯೊಳಗಿಂದ ಕೇಳಿದರು. ನಾನಾಗಲೇ ಪಡಸಾಲೆ ಸೇರಿದ್ದೆ.

ಪಡಸಾಲೆಯಲ್ಲಿಟ್ಟು ನೋಡಿದೆ, ನಡುಗಿತು. ಅಡುಗೆಮನೆಯಲ್ಲಿಟ್ಟೆ, ಅಲ್ಲೂ ನಡುಗಿತು. ಹಿತ್ತಲಿನಲ್ಲಿ ಪಕ್ಕದ ಮನೆಯ ಮಗ್ಗದ ಬಡಿತಕ್ಕೆ ನಡುಗಿತು. ಕೊನೆಗೆ ದೇವರ ಜಗಲಿಯ ಹತ್ತಿರ ಇಟ್ಟೆ. ಧಡ್ ಧಡ್ ಕೇಳುತ್ತಲೇ ಇತ್ತು, ನೀರು ಮಾತ್ರ ಕನ್ನಡಿಯ ಹಾಗೆ ನಿಂತಿತ್ತು. ಮನೆ ಕಟ್ಟುವಾಗ ಕೀಳಲಾಗದ ಬಂಡೆಯೊಂದನ್ನು ಹಾಗೇ ಬಿಟ್ಟು ಅದರ ಮೇಲೆ ಜಗಲಿ ಮಾಡಿದ್ದರಂತೆ. ಜಗಲಿಯ ಬುಡದಲ್ಲಿ ಆ ಬಂಡೆ ಒಂದು ಮೊಳದಷ್ಟು ಚಾಚಿಕೊಂಡಿತ್ತು, ನಾನು ಮುಚ್ಚಳ ಇಟ್ಟದ್ದು ಅದರ ಮೇಲೆಯೇ.

ಆದರೆ ಅದು ಅತ್ತೆ ಸ್ನಾನ ಮಾಡಿ ಮಡಿಯಲ್ಲಿ ಕೂತು ಲಿಂಗಪೂಜೆ ಮಾಡುವ ಜಾಗ. ಬೆಕ್ಕು ಅಲ್ಲಿ ಸುಳಿದರೆ ಕಸಬಾರಿಗೆ ತೋರಿಸಿ ಓಡಿಸುತ್ತಿದ್ದರು. ನಾನು ಹೆದರುತ್ತಲೇ ನೀರು ತೋರಿಸಿ ಹೇಳಿದೆ. ಅತ್ತೆ ಬಗ್ಗಿ ನೋಡಿದರು, ಬಹಳ ಹೊತ್ತು ನೋಡಿದರು.

"ಖರೆ ನಿಂತೈತಲ್ಲ ಇದು," ಎಂದರು. ಆಮೇಲೆ ತಮ್ಮ ಪೂಜೆಯ ಮಣೆಯನ್ನು ತಾವೇ ಎತ್ತಿ ಗೋಡೆಯ ಕಡೆ ಸರಿಸಿದರು. "ಜಗಲಿ ಮ್ಯಾಲ ಬ್ಯಾಡ. ಕೆಳಗ ಇರ್ಲಿ. ಬಾಯಾರಿದ ಬಾಣಂತಿಗೆ ನೀರ ಕೊಡಬ್ಯಾಡಂತ ಶಿವ ನನಗೇನ ಹೇಳಿಲ್ಲ. ದಿನಾ ಮುಂಜಾನೆ ನೀರ ಬದಲಿ ಮಾಡು, ಹಳೇ ನೀರ ಇಡಬ್ಯಾಡ. ಅನ್ನದ ತಾಟ ಅಡಗಿಮನಿಯಾಗ ಇರ್ಲಿ, ಇಲ್ಲಿ ಅಗಳ ಚೆಲ್ಲಬಾರದು."

ಅಂದೇ ಸಂತೆಯ ದಿನ, ಹುನ್ನೂರಿನ ಗಾಡಿ ಬರುವ ಹೊತ್ತಾಗುತ್ತಿತ್ತು. ಬೆಕ್ಕನ್ನು ನಾನು ಎತ್ತಿ ತರಲಿಲ್ಲ. ಹಿಡಿದು ತಂದರೆ ಓಡಿಹೋದೀತೆಂದು ನೀರಿನಲ್ಲಿ ಬೆರಳಾಡಿಸಿ ಸುಮ್ಮನೆ ಹಿಂದೆ ಸರಿದೆ. ಅದು ಬುಟ್ಟಿಯಿಂದ ಎದ್ದು ಮೈಮುರಿದು ಬಂತು. ಮಗ್ಗ ಫಕ್ಕನೆ ನಿಂತಿತು. ಮನೆಯವರು ಕುಣಿಯಿಂದ ಕತ್ತು ಚಾಚಿ ನೋಡುತ್ತಿದ್ದರು.

"ಏ, ಯಾಕ ನಿಂದರಿಸಿದಿ? ಹೊಡಿ ಹೊಡಿ!" ಎಂದು ಅತ್ತೆ ಗದರಿದರು. "ಮಗ್ಗ ನಡದಾಗ ಕುಡದ್ರ ಖರೆ!"

ಧಡ್ ಧಡ್ ಧಡ್! ಅವರು ಅಷ್ಟು ಜೋರಾಗಿ ನೇಯ್ದದ್ದನ್ನು ನಾನು ಕಂಡೇ ಇರಲಿಲ್ಲ. ಬೆಕ್ಕು ಮೂಗು ಚಾಚಿತು. ನೀರು ಅಲುಗಲಿಲ್ಲ. ಗುಲಾಬಿ ನಾಲಿಗೆ ಹೊರಬಂತು. ಲಪ್, ಲಪ್!

"ಕುಡೀತೇನಬೇ?" ಎಂದು ಅಲ್ಲಿಂದಲೇ ಕೂಗು.

"ಕುಡಿಯಾಕತ್ತೈತೋ! ನೀ ಹೊಡಿ!"

ನಾನೂ ಅತ್ತೆಯೂ ಒಬ್ಬರ ಕೈ ಒಬ್ಬರು ಹಿಡಿದು ಚಿಕ್ಕ ಹುಡುಗಿಯರಂತೆ ನಿಂತಿದ್ದೆವು. ಹೊರಗೆ ಎತ್ತಿನ ಗೆಜ್ಜೆ ಕೇಳಿಸಿತು, ಗಾಡಿಯವನು ಕರೆದ. ಅತ್ತೆ ಬಾಗಿಲಿಗೆ ಹೋಗಿ, "ನಮ್ಮನಿಯಿಂದ ಏನೂ ಇಲ್ಲಪಾ, ಹೋಗಿ ಬಾ," ಎಂದರು.