ಗ್ರಹಣ ಬಿಟ್ಟ ಮೇಲಿನ ನೀರು

ಚಾಚಾರ ಎಡಗೆನ್ನೆ ಸದಾ ಸ್ವಲ್ಪ ಉಬ್ಬಿರುತ್ತಿತ್ತು. ಹಲ್ಲುನೋವಿರಬೇಕೆಂದು ನಾನು ಮೊದಲ ದಿನವೇ, ಡಾಕ್ಟರಿಗೆ ತೋರಿಸಿ ಎಂದಿದ್ದೆ. ಅವರು ಬಾಯಿ ತೆರೆದು, ದವಡೆಯಲ್ಲಿ ಒತ್ತಿಟ್ಟುಕೊಂಡ ಲವಂಗಗಳನ್ನು ತೋರಿಸಿದರು. ಗಂಗಾನಗರದ ಕಡೆಯ ಒಳಚರಂಡಿ ಪಂಪ್‌ಹೌಸಿನಲ್ಲಿ ಪಂಪು ಓಡಿಸುತ್ತ ಆಯುಷ್ಯ ಕಳೆದವರಿಗೆ, ನಾತ ತಡೆಯಲು, ಊಟದಷ್ಟೇ ಲವಂಗವೂ ಬೇಕು.

ಅಲ್ಲಿನ ಹಳೆಯ ಪಂಪುಗಳನ್ನು ತೆಗೆಸಿ, ತಾವಾಗಿಯೇ ಓಡುವ ಹೊಸವುಗಳನ್ನು ಕೂರಿಸಲು ನಾನು ಹೋಗಿದ್ದೆ. ಇಂಜಿನಿಯರಾಗಿ ಅದು ನನ್ನ ಮೊದಲ ಸ್ವಂತ ಕೆಲಸ. ಮನೆಮನೆಯ ಕೊಳಚೆ ಬಂದು ಬೀಳುವ ಆಳದ ಬಾವಿಯನ್ನು ನಾನು ಮೂಗು ಮುಚ್ಚಿಕೊಂಡು ನೋಡಿದರೆ, ಚಾಚಾ ಬೆಳಗಿನ ಪೇಪರ್ ಓದುವ ಹಾಗೆ ನೋಡುತ್ತಿದ್ದರು.

"ಇವತ್ತು ಮ್ಯಾಚಿದೆ ಮೇಡಂ. ಒಂದ್ ಇನ್ನಿಂಗ್ಸ್ ಮುಗೀಲಿ, ಊರೆಲ್ಲ ಒಟ್ಟಿಗೇ ಟಿವಿ ಬಿಟ್ಟು ಬಚ್ಚಲಿಗೆ ಏಳುತ್ತೆ, ನೀರು ಹೆಂಗೆ ಏರುತ್ತೆ ನೋಡಿ."

ಏರಿತು. ಯುಗಾದಿಗೆ ಎಣ್ಣೆಸ್ನಾನದ ಜಿಡ್ಡು ತೇಲುತ್ತದೆ, ರಂಜಾನಿನಲ್ಲಿ ಬೆಳಕು ಹರಿಯುವ ಮುಂಚೆಯೇ ಮಟ್ಟ ಏರುತ್ತದೆ. ನನಗೆ ಕುತೂಹಲದ ಹುಚ್ಚು ಹಿಡಿಯಿತು. ದಿನಕ್ಕೆ ಹತ್ತು ಪ್ರಶ್ನೆ ಕೇಳುತ್ತಿದ್ದೆ. ಕೆಲವಕ್ಕೆ ಅವರು "ಗೊತ್ತಿಲ್ಲ, ನೋಡ್ಬೇಕು" ಎಂದು, ಮರುದಿನ ನೋಡಿಯೇ ಹೇಳುತ್ತಿದ್ದರು.

ಪಂಪು ಬದಲಿಸಲು ಮೂರು ಗಂಟೆ ಎಲ್ಲವನ್ನೂ ನಿಲ್ಲಿಸಬೇಕಿತ್ತು. ಅಷ್ಟರೊಳಗೆ ಬಾವಿ ತುಂಬಿದರೆ ಕೊಳಚೆ ಹಿಂದಕ್ಕೆ ನುಗ್ಗಿ, ತಗ್ಗಿನ ಓಣಿಯ ಮನೆಗಳ ಬಚ್ಚಲಲ್ಲಿ ಉಕ್ಕುತ್ತದೆ. ಚಾಚಾರ ಮನೆಯೂ ಅದೇ ಓಣಿಯಲ್ಲಿ. ನಾನು ಭಾನುವಾರ ಮಾಡೋಣ ಎಂದೆ.

"ಭಾನುವಾರ ಊರೆಲ್ಲ ತಲೆಗೆ ಸ್ನಾನ ಮಾಡುತ್ತೆ" ಎಂದು ನಕ್ಕು, ಅವರು ಗೋಡೆಯ ಕ್ಯಾಲೆಂಡರ್ ಮಗುಚಿ ಸೂರ್ಯಗ್ರಹಣದ ದಿನದ ಮೇಲೆ ಬೆರಳಿಟ್ಟರು. "ಗ್ರಹಣ ಹಿಡ್ದಾಗ ನಿಮ್ಮೋರು ಒಲೆ ಹಚ್ಚಲ್ಲ, ನಲ್ಲಿ ಮುಟ್ಟಲ್ಲ. ನಾವು ನಮಾಜಲ್ಲಿರ್ತೀವಿ. ಆದ್ರೆ ಹಳೇ ಪಂಪು ಒಂದನ್ನ ಸ್ವಿಚ್ ಸಮೇತ ಉಳಿಸ್ಕೊಳ್ಳಿ. ಗ್ರಹಣ ಬಿಟ್ಮೇಲೆ ಬರೀ ಸ್ನಾನ ಅಲ್ಲ, ತುಂಬಿಟ್ಟ ನೀರನ್ನೂ ಚೆಲ್ತಾರೆ."

"ಈ ಕಾಲದಲ್ಲಿ ಯಾರು ಚೆಲ್ತಾರೆ ಚಾಚಾ?" ಎಂದೆ. ಆದರೂ ಹಿರಿಯರ ಮನಸ್ಸು ಯಾಕೆ ನೋಯಿಸಬೇಕೆಂದು ಒಂದನ್ನು ಹಾಗೇ ಬಿಟ್ಟೆ.

ಆ ದಿನ ಜನರೆಲ್ಲ ಆಕಾಶದ ಬಗ್ಗೆ ಮಾತಾಡುತ್ತಿದ್ದರೆ ನಾನು ಬಾವಿಯನ್ನೇ ನೋಡುತ್ತಿದ್ದೆ. ನೀರು ನಿಜವಾಗಿಯೂ ಏರುವುದನ್ನೇ ಮರೆತಂತಿತ್ತು. ಗ್ರಹಣ ಬಿಡುವ ಹೊತ್ತಿಗೆ ಹೊಸ ಪಂಪು ಚಾಲೂ ಮಾಡಿದರೆ ಅದು ಉಲ್ಟಾ ತಿರುಗಿತು. ವೈರುಗಳು ಅದಲುಬದಲಾಗಿದ್ದವು. ಬಿಚ್ಚಿ ಸರಿಮಾಡುತ್ತಿರುವಾಗಲೇ ನೀರು ಬಂತು, ನನ್ನ ಲೆಕ್ಕಕ್ಕಿಂತ ಎಷ್ಟೋ ಹೆಚ್ಚು. ಚಾಚಾ ಹೋಗಿ ಹಳೆಯ ಪಂಪಿನ ಸ್ವಿಚ್ ಎಳೆದರು. ಅಂಚಿಗೆ ಒಂದು ಗೇಣು ಇರುವಾಗ ನೀರು ನಿಂತಿತು, ಆಮೇಲೆ ನಿಧಾನವಾಗಿ ಇಳಿಯಿತು.

ಅಷ್ಟರಲ್ಲಿ ಯಲಹಂಕದಿಂದ ಅಮ್ಮನ ಫೋನು. "ಕೊಡದ ನೀರೆಲ್ಲ ಚೆಲ್ಲಿ ಮನೆ ತೊಳ್ದೆ ಕಣೇ. ನೀನೂ ಬಂದು ಸ್ನಾನ ಮಾಡ್ಬಿಡು" ಎಂದಳು. ನಮ್ಮ ಮನೆಯ ಸಂಗತಿ ನನಗಿಂತ ಚಾಚಾಗೆ ಚೆನ್ನಾಗಿ ಗೊತ್ತಿತ್ತು.

ವರದಿಯಲ್ಲಿ ಮಾತ್ರ ನಾನು, ಕೆಲಸ ಯೋಜನೆಯಂತೆ ಮುಗಿಯಿತು ಎಂದು ಬರೆದೆ. ಹಳೆಯ ಪಂಪಿನ ಸುದ್ದಿಯನ್ನೇ ಎತ್ತಲಿಲ್ಲ. ಇವತ್ತಿಗೂ ಅದು ನನಗೆ ನಾಚಿಕೆಯ ವಿಷಯ. ಅವರು ನಿವೃತ್ತರಾದ ಮೇಲೆ ಒಮ್ಮೆ ಹೇಳಿಕೊಂಡೆ. "ಯಾರ್ ಬಚ್ಚಲೂ ಉಕ್ಕಲಿಲ್ಲ ತಾನೆ, ಬಿಡಿ" ಎಂದವರು, ಮಳೆಗಾಲದಲ್ಲಿ ಹೊಸ ಪಂಪು ಹೇಗೆ ಓಡುತ್ತಿದೆ ಎಂದು ವಿಚಾರಿಸತೊಡಗಿದರು.

ಹೋದ ವರ್ಷ ಚಾಚಾ ತೀರಿಕೊಂಡರು. ತಗ್ಗಿನ ಓಣಿಯ ಅವರ ಮನೆಯ ಮುಂದೆ ಹೆಂಗಸರ ಜೊತೆ ಕೂತಿದ್ದೆ. ಒಳಗೆ ಗಂಡಸರು ಅವರಿಗೆ ಕೊನೆಯ ಸ್ನಾನ ಮಾಡಿಸುತ್ತಿದ್ದರು. ನೀರು ಹೊಯ್ಯುವ ಸದ್ದು, ಹಿಂದೆಯೇ ಅದು ಬಚ್ಚಲಿನಿಂದ ಇಳಿದುಹೋಗುವ ಸದ್ದು ಕೇಳುತ್ತಿತ್ತು. ಎಲ್ಲೂ ಕಟ್ಟಿಕೊಳ್ಳಲಿಲ್ಲ, ಒಂದು ತೊಟ್ಟೂ ಹಿಂದಕ್ಕೆ ಬರಲಿಲ್ಲ. ಇನ್ನು ಸ್ವಲ್ಪ ಹೊತ್ತಿಗೆ ಆ ನೀರು ನಮ್ಮ ಬಾವಿ ಸೇರುತ್ತದೆ, ಪಂಪು ತಾನಾಗಿಯೇ ಚಾಲೂ ಆಗುತ್ತದೆ ಎಂದು ನೆನೆದು, ಕೂತಲ್ಲೇ ಅತ್ತೆ.