ಟೀ ಸೊಪ್ಪಿನ ಪ್ರಶ್ನೆ

ಹಳೇ ಕಟ್ಟಡ ಯಾವುದೇ ಇರಲಿ, ಹೊಸಿಲು ಕಂಡ ಕೂಡಲೇ ಚಪ್ಪಲಿ ಬಿಡುವುದು ನಮ್ಮಕ್ಕ ಜಯಮ್ಮನ ಅಭ್ಯಾಸ. ನಮ್ಮೂರ ಅರಮನೆಯಲ್ಲಿ ಎಲ್ಲರೂ ಬಿಡುತ್ತಾರೆ, ಅದೇನು ದೊಡ್ಡದಲ್ಲ. ಅಕ್ಕ ಪಾಳುಬಿದ್ದ ಕೋಟೆಯ ಬಾಗಿಲಲ್ಲೂ ಬಿಡುತ್ತಿದ್ದಳು, ಸಿಡಿಮದ್ದು ಇಡುತ್ತಿದ್ದ ಮದ್ದಿನ ಮನೆಯ ಮುಂದೆಯೂ ಬಿಡುತ್ತಿದ್ದಳು. ಹೊರಗೆ ಇಟ್ಟರೆ ಕದಿಯುತ್ತಾರೆ ಅನ್ನುವ ಭಯ ಬೇರೆ. ಹೆಗಲಲ್ಲಿದ್ದ ನೀಲಿ ಬಟ್ಟೆ ಚೀಲಕ್ಕೆ ತುರುಕಿಕೊಂಡು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಒಳಗೆ ನಡೆಯುವಳು. ಮುಳ್ಳು ಚುಚ್ಚುತ್ತೆ ಅಕ್ಕ ಅಂದರೆ, "ಚುಚ್ಚಲಿ ಬುಡು. ಇಲ್ಲಿ ಬಾಳಿದೋರಿಗೆ ಇದಕ್ಕಿಂತ ಜಾಸ್ತಿ ಚುಚ್ಚಿತ್ತು" ಅನ್ನುವಳು.

ಮೂವತ್ತು ವರ್ಷಕ್ಕೂ ಮೇಲೆ ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಮಾಡಿದವಳು. ಪ್ರತಿ ವರ್ಷ ಮಕ್ಕಳನ್ನು ಬಸ್ಸಿನಲ್ಲಿ ಶ್ರೀರಂಗಪಟ್ಟಣಕ್ಕೆ ಕರೆದುಕೊಂಡು ಹೋಗಿ ಕೋಟೆಯ ಗೋಡೆ ಮುಟ್ಟಿಸುತ್ತಿದ್ದಳು. "ಇದು ಪರೀಕ್ಷೆಗೆ ಬರಲ್ಲ. ಆದ್ರೂ ಮುಟ್ರೋ" ಅನ್ನುವುದು ಅವಳ ಮಾತು.

ನಾನು ಅವಳಿಗಿಂತ ನಾಲ್ಕು ವರ್ಷ ಚಿಕ್ಕವನು. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟೆ. ಅಪ್ಪನದು ಸೊಪ್ಪಿನ ಗಾಡಿ, ಜೊತೆಗೆ ಒಂದಾಳು ಬೇಕಿತ್ತು. ಅಕ್ಕ ಚೆನ್ನಾಗಿ ಓದುತ್ತಿದ್ದಳು, ಅದಕ್ಕೆ ನಾನು ಗಾಡಿಗೆ ಹೋದೆ, ಅವಳು ಸ್ಕೂಲಿಗೆ ಹೋದಳು. ಯಾರೂ ಕೂತು ತೀರ್ಮಾನ ಮಾಡಿದ್ದಲ್ಲ, ಹಾಗೇ ಆಗಿಹೋಯಿತು. ದೊಡ್ಡವರಾದ ಮೇಲೆ ಅಕ್ಕ ಆಗಾಗ ಅನ್ನುವಳು, "ನಿನ್ನ ಪಾಲಿನ ಓದೂ ನಾನೇ ಓದ್ಬುಟ್ಟೆ ಕಣೋ ಸಿದ್ದ." ನಾನು ನಗುತ್ತಿದ್ದೆ. ಆಮೇಲೆ ಹೆಬ್ಬಾಳದ ಒಂದು ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಸೇರಿದೆ. ಈಗಲೂ ಅಲ್ಲೇ ಇದ್ದೇನೆ, ಶಿಫ್ಟ್ ಬಸ್ಸಿನಲ್ಲಿ ನನ್ನ ಸೀಟು ಎಲ್ಲರಿಗೂ ಗೊತ್ತು.

ಆ ಗಾಡಿಯ ದಿನಗಳಲ್ಲಿ ಬೆಳಿಗ್ಗೆ ನಾನು ಸೊಪ್ಪಿನ ಕಂತೆ ಕಟ್ಟುವಾಗ ಅಕ್ಕ ಪಕ್ಕದಲ್ಲಿ ಕೂತು ಪಾಠ ಗಟ್ಟಿಯಾಗಿ ಓದುತ್ತಿದ್ದಳು. ಅವಳಿಗೂ ಬಾಯಿಪಾಠ ಆಗಲಿ, ನನ್ನ ಕಿವಿಗೂ ಬೀಳಲಿ ಅಂತ. ಒಂದು ದಿನ ಅಮೆರಿಕದ ಪಾಠ ಬಂತು. ಬ್ರಿಟಿಷರ ತೆರಿಗೆ ಮೇಲೆ ಸಿಟ್ಟು ಬಂದು ಅಲ್ಲಿನ ಜನ ಹಡಗಿನಲ್ಲಿದ್ದ ಚಹಾ ಪೆಟ್ಟಿಗೆಗಳನ್ನು ಒಡೆದು ಸಮುದ್ರಕ್ಕೆ ಸುರಿದರು ಅಂತ ಓದಿದಳು.

"ಚಹಾ ಅಂದ್ರೆ?"

"ಟೀ ಸೊಪ್ಪು ಕಣೋ."

ನಾನು ಕೈಯಲ್ಲಿದ್ದ ದಂಟಿನ ಸೊಪ್ಪು ನೋಡಿದೆ. "ಅಷ್ಟು ಸೊಪ್ಪು ಸುರಿದ್ರೆ ಸಮುದ್ರ ಬಣ್ಣ ತಿರುಗ್ತಾ?"

ಅಕ್ಕ ಪುಟ ಹಿಂದೆ ಮುಂದೆ ತಿರುಗಿಸಿದಳು. "ಪುಸ್ತಕದಲ್ಲಿ ಬರೆದಿಲ್ಲ" ಅಂದಳು. ಅಪ್ಪ ನಕ್ಕು, ಮೊದಲು ಕಂತೆ ಕಟ್ಟು ಅಂದರು. ನಾನು ಅದನ್ನು ಅಲ್ಲಿಗೇ ಮರೆತೆ.

ಅಕ್ಕ ರಿಟೈರಾದ ವರ್ಷ ಕೆಲವು ಚರಿತ್ರೆ ಮೇಷ್ಟ್ರುಗಳು, ಮೇಡಮ್ಮುಗಳು ಸೇರಿ ಅಮೆರಿಕ ಪ್ರವಾಸ ಹೊರಟರು. ಬರೀ ಮ್ಯೂಸಿಯಂ, ಹಳೇ ಮನೆಗಳು, ಯುದ್ಧ ನಡೆದ ಬಯಲುಗಳು. ಅಕ್ಕ ನಮ್ಮ ಮನೆಗೆ ಎರಡು ಫಾರಂ ಹಿಡಿದುಕೊಂಡು ಬಂದಳು. "ನೋಡದೇ ಇರೋ ಊರಿನ ಪಾಠ ಇಷ್ಟು ವರ್ಷ ಮಾಡಿದೀನಿ. ಹೋಗಿ ನೋಡ್ಬೇಕು. ನೀನೂ ಬರ್ತೀಯ." ನನ್ನನ್ನು ಎಳೆದುಕೊಂಡು ಹೋಗಿ ಪಾಸ್‌ಪೋರ್ಟ್ ಮಾಡಿಸಿದಳು. ವೀಸಾಕ್ಕೆ ಅರ್ಜಿ ಹಾಕುವ ಹೊತ್ತಿಗೆ ನಾನು, "ರಜೆ ಕೊಡಲ್ಲ ಅಂದ್ಬುಟ್ರು ಅಕ್ಕ" ಅಂದೆ.

"ಕೇಳಿದ್ಯಾ?"

"ಕೇಳಿದೆ."

ಅವಳು ನನ್ನ ಕಿವಿಯ ಕಡೆ ನೋಡಿದಳು. "ಸರಿ ಬುಡು" ಅಂದಳು.

ನಾನು ಕೇಳಿರಲಿಲ್ಲ. ಅಷ್ಟು ಜನ ಓದಿದವರ ಮಧ್ಯೆ ನಿಂತಾಗ ಯಾರಾದರೂ, ನೀವೇನು ಓದಿದ್ದೀರಿ ಅಂದರೆ ಏನು ಹೇಳಲಿ ಅನ್ನುವ ಭಯ. ಅದು ಅರ್ಧ. ಇನ್ನರ್ಧ ಇವತ್ತಿಗೂ ಬರೆಯಲು ಕೈ ಹಿಂಜರಿಯುತ್ತದೆ. ನನಗೆ ತಪ್ಪಿಹೋದ ಓದನ್ನು ಈ ಪ್ರವಾಸದಲ್ಲಿ ತುಂಬಿಕೊಟ್ಟು ಅಕ್ಕ ಮನಸ್ಸು ಹಗುರ ಮಾಡಿಕೊಳ್ಳುತ್ತಾಳೆ, ಅದು ಆಗಬಾರದು ಅನ್ನುವ ಹಟ ನನ್ನೊಳಗಿತ್ತು. ಅಷ್ಟು ವರ್ಷ ನಗುತ್ತಿದ್ದವನ ಹೊಟ್ಟೆಯಲ್ಲಿ ಅದು ಎಲ್ಲಿ ಕೂತಿತ್ತೋ ಗೊತ್ತಿಲ್ಲ.

ಅಕ್ಕ ಹೋಗಿಬಂದಳು. "ಬಾರೋ, ಒಂದು ವಿಷಯ ಹೇಳೋದಿದೆ" ಅಂತ ಫೋನು ಮಾಡುತ್ತಿದ್ದಳು. ನಾನು ಓವರ್‌ಟೈಮು, ನೆಗಡಿ, ಮಳೆ ಅಂತ ಏನಾದರೂ ಹೇಳಿ ತಪ್ಪಿಸಿಕೊಂಡೆ. ಹೀಗೇ ನಾಲ್ಕು ತಿಂಗಳು.

ಒಂದು ಸಂಜೆ ಸಿಟಿ ಬಸ್ಸಿನಲ್ಲಿ ಸರೋಜಾ ಮೇಡಂ ಸಿಕ್ಕರು. ಅಕ್ಕನ ಜೊತೆ ಪ್ರವಾಸ ಹೋಗಿದ್ದವರು. ಪಕ್ಕದಲ್ಲಿ ಜಾಗ ಮಾಡಿಕೊಟ್ಟು ಶುರು ಮಾಡಿದರು.

"ನಿಮ್ಮಕ್ಕ ಅಲ್ಲೇನು ಮಾಡಿದ್ರು ಗೊತ್ತೇನ್ರೀ? ಅವರ ಮೊದಲನೇ ಅಧ್ಯಕ್ಷರ ಮನೆ, ಬಂಗಲೆ ಥರ ಇದೆ. ಬಾಗಿಲಲ್ಲಿ ನಿಂತು ಚಪ್ಪಲಿ ಸ್ಟ್ಯಾಂಡ್ ಎಲ್ಲಿ ಅಂತಾರೆ! ನಮ್ಮ ಅರಮನೆ ಅಂದ್ಕೊಂಡ್ರು. ಅಲ್ಲಿಯ ಹುಡುಗಿ ಬೇಡಮ್ಮ, ಹಾಕ್ಕೊಂಡೇ ಬನ್ನಿ ಅಂದ್ಲು. ನಾವೆಲ್ಲ ನಕ್ಕಿದ್ದೇ ನಕ್ಕಿದ್ದು. ಸರಿ, ಆಮೇಲೆ ಹಿಂದುಗಡೆ ಹೋದ್ವಿ. ಅಲ್ಲಿ ಗುಲಾಮರು ಮಲಗ್ತಿದ್ದ ಕೋಣೆ. ಹಲಗೆ ಮಂಚ, ಒಂದು ಒಲೆ, ಅಷ್ಟೆ. ತಿರುಗಿ ನೋಡ್ತೀನಿ, ಜಯಮ್ಮ ಚಪ್ಪಲಿ ಚೀಲಕ್ಕೆ ಹಾಕ್ಕೊಂಡು ಬರಿಗಾಲಲ್ಲಿ ನಿಂತವ್ರೆ. ಯಾಕ್ರೀ ಅಂದ್ರೆ, ದೊಡ್ಮನೆಗೆ ಹಾಕ್ಕೊಂಡು ಬಾ ಅಂದ್ರು, ಹೋದೆ, ಇಲ್ಲಿ ನನ್ನಿಷ್ಟ ಅಂದ್ರು. ಆಗ ಯಾರೂ ನಗಲಿಲ್ಲ."

ಇಳಿಯುವಾಗ ಅವರು ಇನ್ನೊಂದು ಮಾತು ಹೇಳಿದರು. "ಪಾಪ, ನಿಮಗೆ ರಜೆ ಸಿಗಲಿಲ್ಲವಂತೆ. ಎಲ್ಲಿ ನೋಡಿದ್ರೂ, ನಮ್ಮ ಸಿದ್ದ ಬಂದಿದ್ರೆ ಇದು ಕೇಳ್ತಿದ್ದ, ಅದು ಕೇಳ್ತಿದ್ದ ಅಂತಾನೇ ಇದ್ರು."

ಆ ಭಾನುವಾರ ಚಾಮರಾಜಪುರಂನ ಅಕ್ಕನ ಮನೆಗೆ ಹೋದೆ. ಭಾವ ಬಾಗಿಲು ತೆಗೆದು, ಒಳಗಿದಾಳೆ ಹೋಗು ಅಂದರು. ಅಕ್ಕ ಕಿಟಕಿ ಪಕ್ಕದ ಮಂಚದ ಮೇಲೆ ದಿಂಬಿಗೆ ಒರಗಿದ್ದಳು. ಎದೆ ನೋವು ಶುರುವಾಗಿ ಒಂದು ತಿಂಗಳಾಗಿತ್ತಂತೆ, ನನಗೆ ಫೋನಿನಲ್ಲಿ ಅದನ್ನು ಹೇಳಿರಲಿಲ್ಲ. ನಾನು ಕೂರುವುದಕ್ಕೂ ಮುಂಚೆಯೇ ಹೇಳಿಬಿಟ್ಟೆ.

"ಅಕ್ಕ, ನಾನು ರಜೆ ಕೇಳೇ ಇರ್ಲಿಲ್ಲ."

"ಗೊತ್ತು ಕಣೋ. ಸುಳ್ಳು ಹೇಳೋವಾಗ ನೀನು ಕಿವಿ ಮುಟ್ಕೋತೀಯ. ಸೊಪ್ಪಿನ ಗಾಡಿ ಕಾಲದಿಂದಲೂ."

"ಮತ್ತೆ ಬೈಲಿಲ್ಲ ಯಾಕೆ?"

"ಬಾ ಅಂತ ಕರೆದಿದ್ದು ನಿನಗೋಸ್ಕರಾನಾ, ನನಗೋಸ್ಕರಾನಾ ಅಂತ ನನಗೇ ಗೊತ್ತಿರ್ಲಿಲ್ಲ. ಏನಂತ ಬೈಲಿ?" ಸ್ವಲ್ಪ ಸುಧಾರಿಸಿಕೊಂಡು ಅಂದಳು, "ಅದಿರಲಿ, ಕೇಳು ಈಗ."

"ಏನ್ ಕೇಳ್ಲಿ?"

"ನಿನ್ನ ಪ್ರಶ್ನೆ. ಟೀ ಸೊಪ್ಪು."

ನನಗೆ ಹೊಳೆಯಲು ಒಂದು ಗಳಿಗೆ ಹಿಡಿಯಿತು. "ಸಮುದ್ರ ಬಣ್ಣ ತಿರುಗ್ತಾ ಅಕ್ಕ?"

ಅಕ್ಕ ಕನ್ನಡಕ ಹಾಕಿಕೊಂಡು ನೇರವಾಗಿ ಕೂತಳು, ಕ್ಲಾಸಿನಲ್ಲಿ ಕೂರುವ ಹಾಗೆ.

"ಬಾಸ್ಟನ್ ಅನ್ನೋ ಊರು. ಅಲ್ಲಿಯ ಮ್ಯೂಸಿಯಂನೋನನ್ನ ಕೇಳ್ದೆ. ಅವತ್ತು ಸಮುದ್ರ ಇಳಿದಿತ್ತಂತೆ, ನೀರು ಮೊಣಕಾಲುದ್ದ ಇತ್ತಂತೆ. ಸುರಿದ ಸೊಪ್ಪು ಮುಳುಗಲೇ ಇಲ್ಲ. ಹಡಗಿನ ಪಕ್ಕದಲ್ಲಿ ಹುಲ್ಲಿನ ಮೆದೆ ಥರ ರಾಶಿ ಬಿತ್ತಂತೆ. ನಾವು ಬೆಳಿಗ್ಗೆ ಗೋಣಿ ಮೇಲೆ ಸುರೀತಿದ್ವಲ್ಲ, ಅಂಗೇ. ಆಮೇಲೆ ಜನ ಕೆಸರಿಗಿಳಿದು ತಳ್ಳಿದ್ರಂತೆ. ನೀರಿಗೆ ಕೈ ಹಾಕಿ ನೋಡಿದೆ ಕಣೋ. ತಣ್ಣಗಿತ್ತು. ಬಣ್ಣ ಏನಿಲ್ಲ." ಕನ್ನಡಕ ತೆಗೆದಳು. "ಇಷ್ಟು ವರ್ಷ ಎಷ್ಟು ಮಕ್ಕಳಿಗೆ ಆ ಪಾಠ ಮಾಡಿದೀನಿ, ಒಬ್ರೂ ಇದನ್ನ ಕೇಳ್ಲಿಲ್ಲ. ಏಳಕ್ಕೇ ಬಿಟ್ಟೋನು ಕೇಳ್ದ."

ಹೊರಡುವಾಗ, "ಪಾಸ್‌ಪೋರ್ಟು ಎಷ್ಟು ವರ್ಷಕ್ಕೆ ಕೊಟ್ಟವ್ರೆ?" ಅಂದಳು.

"ಹತ್ತು."

"ಮತ್ತೆ?" ಅಂದಳು. ನಾನು ಕೇಳಿದ ಅವಳ ಕೊನೆಯ ಮಾತು ಅದು. ಮೂರೇ ದಿನಕ್ಕೆ ಹೋಗಿಬಿಟ್ಟಳು.

ಬರುವ ವರ್ಷ ಸರೋಜಾ ಮೇಡಂ ಗುಂಪು ಮತ್ತೆ ಹೊರಡುತ್ತಿದೆ. ಹೋದ ವಾರ ರಜೆ ಅರ್ಜಿಯನ್ನು ನಾನೇ ಕನ್ನಡದಲ್ಲಿ ಬರೆದುಕೊಟ್ಟೆ. ಸಾಹೇಬರು ಎರಡು ಸಲ ಓದಿದರು.

"ಅಮೆರಿಕಾನಾ? ಯಾರಿದಾರ್ರೀ ಅಲ್ಲಿ?"

"ಯಾರೂ ಇಲ್ಲ ಸಾರ್. ಮ್ಯೂಸಿಯಂ ನೋಡೋಕೆ."

"ರಜೆ ಬೇಕಾದಷ್ಟು ಉಳಿದಿದೆಯಲ್ರೀ. ಮುಂಚೆ ಕೇಳಿದ್ರೂ ಕೊಡ್ತಿದ್ವಿ" ಅಂತ ಸೈನು ಹಾಕಿದರು.

"ಗೊತ್ತು ಸಾರ್" ಅಂದೆ.

ವೀಸಾ ಇನ್ನೂ ಆಗಬೇಕು. ಅಕ್ಕನ ನೀಲಿ ಚೀಲವನ್ನು ಭಾವ ನನಗೆ ಕೊಟ್ಟಿದ್ದಾರೆ. ನಿನ್ನೆ ನನ್ನ ಚಪ್ಪಲಿ ಹಿಡಿಸುತ್ತದೋ ಇಲ್ಲವೋ ಅಂತ ಹಾಕಿ ನೋಡಿದೆ. ಹಿಡಿಸುತ್ತದೆ. ಹೆಬ್ಬೆರಳಿನ ಕಡೆ ಸ್ವಲ್ಪ ಹೊರಗೆ ಕಾಣುತ್ತದೆ, ಅಷ್ಟೆ.